ರಿಮೋಟಿನೊಳಗಿನ ಚಾವಿ

ಅಮಾವಾಸ್ಯೆ ಬಂತೆಂದರೆ ಮಹಾರಾಷ್ಟ್ರದ ಮುರಗೂಡದ ರಸ್ತೆಗೆ ನಿದ್ದೆಯಿಲ್ಲ. ಸಂಜೆ ಆಗುವುದರೊಳಗೆ ನಿಪ್ಪಾಣಿ ಕಡೆಯಿಂದ ಗಾಡಿಗಳ ಸಾಲು ಶುರುವಾಗುತ್ತದೆ. ಕ್ರೂಸರ್, ಬೊಲೆರೊ, ಸಣ್ಣ ಕಾರು, ಹಿಂದೆ ತಾಡಪತ್ರಿ ಕಟ್ಟಿದ ಪಿಕಪ್. ನಂಬರ್ ಪ್ಲೇಟು ನೋಡಿಯೇ ಸೀಮೆ ಹೇಳಬಹುದು: ಕೆಎ 23 ಎಂದರೆ ಚಿಕ್ಕೋಡಿ, 49 ಗೋಕಾಕ, 48 ಜಮಖಂಡಿ. ಎಲ್ಲರೂ ಹೊರಟದ್ದು ಪಕ್ಕದ ಆದಮಾಪುರಕ್ಕೆ, ಬಾಳುಮಾಮಾನ ದರ್ಶನಕ್ಕೆ. 1892ರಲ್ಲಿ ನಿಪ್ಪಾಣಿ ಹತ್ತಿರದ ಅಕ್ಕೋಳದಲ್ಲಿ ಕುರುಬರ ಮನೆಯಲ್ಲಿ ಹುಟ್ಟಿ, ಕುರಿ ಕಾಯುತ್ತ ಈಗಿನ ಗಡಿಯ ಎರಡೂ ಕಡೆ ತಿರುಗಿ, 1966ರಲ್ಲಿ ದೇಹವಿಟ್ಟ ಸಂತ ಆತ. ಆತನ ಹೆಸರಿನ ಕುರಿಹಿಂಡುಗಳು ಇಂದಿಗೂ ಎರಡೂ ರಾಜ್ಯದ ಹೊಲಗಳಲ್ಲಿ ಮೇಯುತ್ತವೆ. ವರ್ಷವಿಡೀ ವ್ಯಾಪಾರವೆಲ್ಲ ಮರಾಠಿಯಲ್ಲಿ ನಡೆಯುವ ಈ ಪೇಟೆಯ ಚಹಾದ ಅಂಗಡಿಗಳ ಮುಂದೆ ಆ ರಾತ್ರಿ ಅರ್ಧಕ್ಕರ್ಧ ಮಾತು ಕನ್ನಡದ್ದೇ.

ಮರುದಿನ ಬೆಳಿಗ್ಗೆ ಇದೇ ರಸ್ತೆಯ ಬದಿಯಲ್ಲಿ ಬೇರೊಂದು ನೋಟ ಕಾಣುತ್ತದೆ. ಹಣೆತುಂಬ ಭಂಡಾರ ಹಚ್ಚಿಕೊಂಡ ಕುಟುಂಬವೊಂದು ತಮ್ಮದೇ ಕಾರಿನ ಸುತ್ತ ನಿಂತಿರುತ್ತದೆ. ಕಾರಿಗೆ ಕೀಲಿ ಬಿದ್ದಿದೆ. ರಿಮೋಟು ಒತ್ತಿದರೆ ದೀಪ ಮಿನುಗುವುದಿಲ್ಲ, ಸದ್ದಿಲ್ಲ. ಮಗ ಒತ್ತುತ್ತಾನೆ, ಅಳಿಯ ಒತ್ತುತ್ತಾನೆ, ಕಡೆಗೆ ಮನೆಯ ಹಿರಿಯರೂ ಒತ್ತಿ ನೋಡುತ್ತಾರೆ. ಹಿಂದಿನ ರಾತ್ರಿ ಪಾಳಿ ಹಚ್ಚುವ ಅವಸರದಲ್ಲಿ ಪಾರ್ಕಿಂಗ್ ಲೈಟು ಹಾಗೇ ಉಳಿದಿರುತ್ತದೆ. ಮುಂದೆ ಹಿಂದೆ ಸೇರಿ ಆ ಸಣ್ಣ ಬಲ್ಬುಗಳು ಹೆಚ್ಚೆಂದರೆ 25 ವ್ಯಾಟ್, ತಾಸಿಗೆ 2 ಆಂಪಿಯರ್-ಅವರ್ ತಿನ್ನುತ್ತವೆ. 35 ಆಂಪಿಯರ್-ಅವರ್‌ನ ಹೊಸ ಬ್ಯಾಟರಿ ಇಡೀ ರಾತ್ರಿ ಅದನ್ನು ತಾಳೀತು. ನಾಲ್ಕು ಬೇಸಿಗೆ ಕಂಡ ಹಳೆಯ ಬ್ಯಾಟರಿ ತಾಳುವುದಿಲ್ಲ. ಹೆಡ್‌ಲೈಟೇ ಉಳಿದರಂತೂ ಮೂರು-ನಾಲ್ಕು ತಾಸಿಗೆ ಹೊಸದೂ ಖಾಲಿ.

ಅಂಥ ಒಂದು ಬೆಳಿಗ್ಗೆ ನಾನು ಕಂಡದ್ದನ್ನು ಇಲ್ಲಿ ಹೇಳಲೇಬೇಕು. ಮಹಾಲಿಂಗಪುರ ಕಡೆಯ ಮಂದಿ. ಅವರೊಂದಿಗೆ ಬಂದಿದ್ದ ಮುದುಕಿಗೆ ಸಕ್ಕರೆ ಕಾಯಿಲೆ. ಅವಳ ಗುಳಿಗೆ, ರೊಟ್ಟಿಯ ಗಂಟು ಎರಡೂ ಕಾರಿನ ಹಿಂದಿನ ಸೀಟಿನಲ್ಲಿ. ಗಾಜಿನೊಳಗೆ ಗಂಟು ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಮುದುಕಿ ರಸ್ತೆಯ ಕಲ್ಲಿನ ಮೇಲೆ ಕುಳಿತು ಬೆವರುತ್ತಿದ್ದಳು. ಯಾರೋ ಅವಳಿಗೆ ಚಹಾ ತಂದರು. ಮೊಮ್ಮಗನ ಕೈಯಲ್ಲಿ ಆಗಲೇ ಒಂದು ಕಲ್ಲು ಇತ್ತು.

"ತಡೀ ತಮ್ಮಾ, ಗ್ಲಾಸ್ ಒಡೀಬ್ಯಾಡ" ಎನ್ನುತ್ತ ಎದುರಿನ ಗ್ಯಾರೇಜಿನ ಎಲೆಕ್ಟ್ರಿಷಿಯನ್ ಮೇಸ್ತ್ರಿ ಬಂದ. ಮನೆಮಾತು ಮರಾಠಿ. ಗಿರಾಕಿಗಳಿಂದಲೇ ಕಲಿತ ಗಟ್ಟಿ ಕನ್ನಡ ಅವನದು. "ರಿಮೋಟ್ ಇಲ್ಲಿ ಕೊಡು."

"ರಿಮೋಟ್ ಸತ್ತೈತ್ರಿ ಮೇಸ್ತ್ರಿ."

"ರಿಮೋಟ್ ಸತ್ತಿಲ್ಲ, ಗಾಡಿ ಬ್ಯಾಟರಿ ಡೌನ್ ಆಗೈತಿ. ನೀ ಕೊಡು."

ಮೇಸ್ತ್ರಿ ಆ ಕಪ್ಪು ರಿಮೋಟನ್ನು ಮಗುಚಿ ಹಿಡಿದ. ಅದರ ಅಂಚಿನಲ್ಲಿ ಜೋಳದ ಕಾಳಿನಷ್ಟು ದೊಡ್ಡ ಒಂದು ಗುಂಡಿ. ಉಗುರಿನಿಂದ ಅದನ್ನು ಸರಿಸಿ ತುದಿಯ ಬಳೆ ಹಿಡಿದು ಎಳೆದಾಗ, ಒಳಗಿಂದ ಬೆರಳುದ್ದದ ತೆಳ್ಳನೆಯ ಉಕ್ಕಿನ ಚಾವಿ ಹೊರಬಂತು. ಸುತ್ತ ನಿಂತವರೆಲ್ಲ ಬಗ್ಗಿ ನೋಡಿದರು. ಕಾರು ಕೊಂಡ ಮೇಲೆ ಆ ಮನೆಯವರು ಅದನ್ನು ಕಂಡದ್ದೇ ಅಂದು. ಆಮೇಲೆ ಮೇಸ್ತ್ರಿ ಡ್ರೈವರ್ ಬಾಗಿಲ ಹಿಡಿಕೆಯ ಪಕ್ಕದ ಬಣ್ಣದ ಮುಚ್ಚಳಕ್ಕೆ ಕೈಹಾಕಿದ. ಕೆಳಗಿನಿಂದ ನೋಡಿದರೆ ಮಾತ್ರ ಕಾಣುವ ಸಣ್ಣ ಸೀಳು ಅದರಲ್ಲಿದೆ. ಚಾವಿಯ ತುದಿಯನ್ನು ಆ ಸೀಳಿಗೆ ಕೊಟ್ಟು ಮೆಲ್ಲಗೆ ಮೇಲೆತ್ತಿದ. ಮುಚ್ಚಳ ಬಿಚ್ಚಿಕೊಂಡಿತು, ಒಳಗೆ ಕೀಲಿಯ ರಂಧ್ರ. ಹಲವು ಮಳೆಗಾಲದ ಧೂಳು ಕೂತು ಬಿಗಿಯಾಗಿತ್ತು. ಮೇಸ್ತ್ರಿ ಜೋರು ಮಾಡಲಿಲ್ಲ. ಎಣ್ಣೆ ಸಿಂಪಡಿಸಿ, ಚಾವಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ, ಮತ್ತೆ ತಿರುವಿದ. ಒಳಗೆ ಟಕ್ ಎಂದಿತು. ಹಿಡಿಕೆ ಎಳೆದ, ಬಾಗಿಲು ತೆರೆಯಿತು.

"ಆಯೀ, ಮೊದಲ ಗುಳಿಗಿ ತಗೋ" ಎಂದು ಗಂಟನ್ನು ಮುದುಕಿಯ ಕೈಗೆ ಕೊಟ್ಟ. ಗಾಡಿ ಚಾಲೂ ಮಾಡುವ ಮಾತು ಆಮೇಲೆ.

ನನಗೆ ಸಿಟ್ಟು ಬರುವುದು ಇಲ್ಲಿ. ಕಾರು ಕೊಂಡ ದಿನ ಅಂಗಡಿಯವರು ಹಾರ ಹಾಕುತ್ತಾರೆ, ಕಾಯಿ ಒಡೆಸುತ್ತಾರೆ, ದೊಡ್ಡ ರಟ್ಟಿನ ಚಾವಿ ಕೈಗೆ ಕೊಟ್ಟು ಮನೆಮಂದಿಯನ್ನೆಲ್ಲ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಹಾಡು ಹೇಗೆ ಹಚ್ಚಬೇಕು, ಫೋನು ಹೇಗೆ ಜೋಡಿಸಬೇಕು ಎಂದು ಅರ್ಧ ತಾಸು ತೋರಿಸುತ್ತಾರೆ. ರಿಮೋಟಿನ ಹೊಟ್ಟೆಯಲ್ಲಿ ನಿಜವಾದ ಚಾವಿ ಇದೆ, ಈ ಮುಚ್ಚಳದ ಹಿಂದೆ ರಂಧ್ರವಿದೆ ಎಂದು ತೋರಿಸಲು ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ಕೊಡುವವರನ್ನು ನಾನು ಕಂಡಿಲ್ಲ. ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಇದೆಲ್ಲ ಬರೆದಿರುತ್ತದೆ, ನಿಜ. ಆ ಪುಸ್ತಕ ಇರುವುದು ಕೀಲಿ ಬಿದ್ದ ಕಾರಿನ ಒಳಗೆ.

ಕೀಲಿಯ ಕೆಲಸ ಸರಳ. ರಿಮೋಟು ಒತ್ತಿದಾಗ ಬಾಗಿಲೊಳಗಿನ ಪುಟ್ಟ ಮೋಟಾರು ಒಂದು ಸನ್ನೆಯನ್ನು ಸರಿಸುತ್ತದೆ. ಆ ಮೋಟಾರಿಗೆ ಗಾಡಿಯ 12 ವೋಲ್ಟಿನ ಬ್ಯಾಟರಿ ಬೇಕು. ಚಾವಿ ತಿರುವಿದಾಗಲೂ ಸರಿಯುವುದು ಅದೇ ಸನ್ನೆ, ಆದರೆ ಕಂಬಿಯ ಮೂಲಕ, ನಿಮ್ಮ ಕೈಯ ಬಲದಿಂದ. ಅಲ್ಲಿ ಕರೆಂಟಿನ ಸುದ್ದಿಯೇ ಇಲ್ಲ. ಹಿಂದೆ ಪ್ರತಿ ಮುಂಬಾಗಿಲಿಗೂ ಡಿಕ್ಕಿಗೂ ರಂಧ್ರವಿರುತ್ತಿತ್ತು. ಈಗ ಬಹುತೇಕ ಕಾರುಗಳಲ್ಲಿ ಉಳಿದಿರುವುದು ಡ್ರೈವರ್ ಬಾಗಿಲ ಒಂದೇ ರಂಧ್ರ, ಅದನ್ನೂ ಅಂದಕ್ಕಾಗಿ ಮುಚ್ಚಿರುತ್ತಾರೆ. ಬಾನೆಟ್ಟಿನದೂ ಇದೇ ಕಥೆ. ಸ್ಟೀರಿಂಗಿನ ಕೆಳಗೆ ಮೊಣಕಾಲ ಹತ್ತಿರ ಇರುವ ಹಿಡಿಕೆ ಎಳೆದರೆ ತಂತಿಯೊಂದು ಬಾನೆಟ್ಟಿನ ಕೊಂಡಿ ಬಿಡಿಸುತ್ತದೆ. ಅದಕ್ಕೂ ಬ್ಯಾಟರಿ ಬೇಡ. ಡ್ರೈವರ್ ಬಾಗಿಲೊಂದು ತೆರೆದರೆ ಬ್ಯಾಟರಿಯವರೆಗೆ ದಾರಿ ಸಿಕ್ಕಿತೆಂದೇ ಅರ್ಥ. ಬ್ಯಾಟರಿಯನ್ನು ಡಿಕ್ಕಿಯಲ್ಲಿಟ್ಟ ಕೆಲವು ದುಬಾರಿ ಕಾರುಗಳಲ್ಲಿ ಡಿಕ್ಕಿಯೇ ತೆರೆಯದಿದ್ದರೆ ಏನು ಮಾಡುವುದೆಂದು ಯೋಚಿಸಿ, ಹೊರಗಿನಿಂದ ಕರೆಂಟು ಕೊಡುವ ಕೆಂಪು ಮುಚ್ಚಳದ ತುದಿಯೊಂದನ್ನು ಬಾನೆಟ್ಟಿನೊಳಗೆ ಇಟ್ಟಿರುತ್ತಾರೆ.

ಜನ ತಡವರಿಸುವ ಮತ್ತೊಂದು ಜಾಗ ಇದೆ. ರಿಮೋಟಿನೊಳಗೂ ಒಂದು ಸೆಲ್ ಇರುತ್ತದೆ, ನಾಣ್ಯದ ಆಕಾರದ್ದು, 3 ವೋಲ್ಟಿನದು. ಯಾವುದು ಹೋಗಿದೆ ಎಂದು ತಿಳಿಯುವುದು ಸುಲಭ. ಚಾವಿಯಿಂದ ಬಾಗಿಲು ತೆರೆದಾಗ ಒಳಗಿನ ದೀಪ ಹೊತ್ತಿದರೆ ಗಾಡಿಯ ಬ್ಯಾಟರಿ ಜೀವಂತ, ಹೋದದ್ದು ರಿಮೋಟಿನ ಸೆಲ್. ಆಗ ಗಾಡಿ ಕಳ್ಳ ಬಂದನೆಂದು ಕೂಗಿಕೊಂಡರೂ ಗಾಬರಿಯಾಗಬೇಡಿ. ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಕುವಂತೆ ಹಿಡಿದು ಒತ್ತಿದರೆ ಸಾಮಾನ್ಯವಾಗಿ ಎಂಜಿನ್ ಚಾಲೂ ಆಗುತ್ತದೆ. ರಿಮೋಟಿನ ಒಳಗಿನ ಚಿಪ್ ತನಗೆ ಬೇಕಾದ ಅಷ್ಟಿಷ್ಟು ಶಕ್ತಿಯನ್ನು ಗಾಡಿಯಿಂದಲೇ ಪಡೆಯುತ್ತದೆ. ದೀಪ ಹೊತ್ತಲಿಲ್ಲವೋ, ಗಾಡಿಯ ಬ್ಯಾಟರಿಯನ್ನೇ ಎಬ್ಬಿಸಬೇಕು.

ನಮ್ಮ ಹಿರಿಯರಿಗೆ ಈ ಚಿಂತೆ ಇರಲಿಲ್ಲ. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲೇ ಮಾಡಿದ. ಆದರೆ ಕಾರಿಗೆ ಸೆಲ್ಫ್ ಬಂದದ್ದು 1912ರಲ್ಲಿ, ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಗಾಡಿಗೆ ಜೋಡಿಸಿಕೊಟ್ಟಾಗ. ಅಲ್ಲಿಯವರೆಗೆ ಎಲ್ಲ ಹ್ಯಾಂಡಲ್ ಹೊಡೆಯುವ ಕೆಲಸ. ನಮ್ಮ ಅಂಬಾಸಿಡರ್‌ಗಳಿಗೂ ಮುಂಭಾಗದಲ್ಲಿ ಹ್ಯಾಂಡಲ್ ತೂರಿಸುವ ತೂತು ಇರುತ್ತಿತ್ತು. ಕೊಲ್ಹಾಪುರ ಸೀಮೆಯಲ್ಲಿ ಊರೂರಿಗೆ ಮಂದಿ ಹೊರುವ ವಡಾಪ್ ಜೀಪುಗಳಂತೂ ಮುಂಜಾನೆ ಧಕ್ಕಾ ಕೊಡದೆ ಹೊರಟದ್ದೇ ಅಪರೂಪ. ನಾಲ್ಕು ಜನ ಹಿಂದಿನಿಂದ ತಳ್ಳಬೇಕು, ಡ್ರೈವರ್ ಎರಡನೇ ಗಿಯರಿನಲ್ಲಿ ಕ್ಲಚ್ ಬಿಡಬೇಕು, ಹೊಗೆ ಕಾರುತ್ತ ಜೀಪು ಹೊರಡಬೇಕು, ತಳ್ಳಿದವರು ಓಡಿ ಹತ್ತಬೇಕು. ಆ ಎಂಜಿನ್ನಿಗೆ ಡೀಸೆಲ್ ಒತ್ತುತ್ತಿದ್ದ ಪಂಪು ಎಂಜಿನ್ನಿನ ತಿರುಗುವಿಕೆಯಿಂದಲೇ ನಡೆಯುತ್ತಿತ್ತು. ಈಗಿನ ಗಾಡಿಗಳಲ್ಲಿ ಇಂಧನದ ಪಂಪಿಗೂ ಅದನ್ನು ಆಳುವ ಕಂಪ್ಯೂಟರಿಗೂ ಮೊದಲು ಕರೆಂಟು ಬೇಕು. ಬ್ಯಾಟರಿ ಪೂರಾ ಇಳಿದಿದ್ದರೆ ಆದಮಾಪುರದಿಂದ ನಿಪ್ಪಾಣಿಯವರೆಗೆ ತಳ್ಳಿದರೂ ಎಂಜಿನ್ ಏಳುವುದಿಲ್ಲ. ಆಟೊಮ್ಯಾಟಿಕ್ ಗಿಯರಿನ ಗಾಡಿಯನ್ನು ತಳ್ಳಿ ಚಾಲೂ ಮಾಡುವ ಮಾತೇ ಇಲ್ಲ.

ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟು ಪಡೆಯಲು ಕಬ್ಬಿನ ಹಂಗಾಮಿನಲ್ಲಿ ಇಲ್ಲಿ ಒಂದು ಅನುಕೂಲ ಉಂಟು. ಬಿದ್ರಿ, ಹಮೀದವಾಡದ ಸಕ್ಕರೆ ಕಾರ್ಖಾನೆಗಳಿಗೆ ಹೋಗುವ ಟ್ರ್ಯಾಕ್ಟರುಗಳು ಹಗಲೂ ರಾತ್ರಿ ರಸ್ತೆಯಲ್ಲೇ ಇರುತ್ತವೆ. ಟ್ರ್ಯಾಕ್ಟರಿನ ಬ್ಯಾಟರಿಯೂ 12 ವೋಲ್ಟಿನದೇ, ಗಾತ್ರದಲ್ಲಿ ಕಾರಿನದಕ್ಕಿಂತ ದೊಡ್ಡದು. ಕೈಮಾಡಿದರೆ ನಿಲ್ಲಿಸದ ಟ್ರ್ಯಾಕ್ಟರಿನವನನ್ನು ನಾನು ಈ ಭಾಗದಲ್ಲಿ ನೋಡಿಲ್ಲ. ಆದರೆ ಹತ್ತಿರ ಲಾರಿ ಇದೆಯೆಂದು ಅದಕ್ಕೆ ಕೇಬಲ್ ಹಚ್ಚಲು ಹೋಗಬೇಡಿ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಅದು ಕಾರಿನ ಕಂಪ್ಯೂಟರನ್ನೇ ಸುಡಬಲ್ಲದು. ಅಂದು ಮೇಸ್ತ್ರಿ ಮಾಡಿದ್ದನ್ನು ಹಾಗೆಯೇ ಹೇಳುತ್ತೇನೆ. ಟ್ರ್ಯಾಕ್ಟರ್ ಬಂದ್ ಮಾಡಿಸಿದ. ಕೆಂಪು ಕೇಬಲಿನ ಒಂದು ತುದಿ ಕಾರಿನ ಪ್ಲಸ್‌ಗೆ, ಇನ್ನೊಂದು ಟ್ರ್ಯಾಕ್ಟರಿನ ಪ್ಲಸ್‌ಗೆ. ಕಪ್ಪು ಕೇಬಲ್ ಮೊದಲು ಟ್ರ್ಯಾಕ್ಟರಿನ ಮೈನಸ್‌ಗೆ, ಕೊನೆಯ ತುದಿ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ತುದಿ ತಾಗುವಾಗ ಕಿಡಿ ಹಾರುವುದುಂಟು, ಬ್ಯಾಟರಿಯ ಮೇಲೆ ಹೈಡ್ರೋಜನ್ ಅನಿಲ ಕೂತಿರುತ್ತದೆ, ಅದಕ್ಕೇ ದೂರ. ಬೀಡಿ ಹಚ್ಚಿಕೊಂಡು ನೋಡಲು ಬಂದವನೊಬ್ಬನನ್ನು ಗದರಿಸಿ ಹಿಂದೆ ಕಳಿಸಿದ. ಟ್ರ್ಯಾಕ್ಟರ್ ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಕಾರಿನ ಸೆಲ್ಫ್ ಹೊಡೆದಾಗ ಎಂಜಿನ್ ಎದ್ದಿತು. ಹಚ್ಚಿದ ಕ್ರಮಕ್ಕೆ ಉಲ್ಟಾ ಕೇಬಲ್ ಬಿಚ್ಚಿದ. "ಸಂಕೇಶ್ವರ ಮುಟ್ಟೂತನಕ ಬಂದ್ ಮಾಡಬ್ಯಾಡ್ರಿ, ಊರಿಗೆ ಹೋಗಿ ಬ್ಯಾಟರಿ ತೋರಸ್ರಿ" ಎಂದು ಹೇಳಿ ಕಳಿಸಿದ. ಟ್ರ್ಯಾಕ್ಟರಿನ ಹುಡುಗ ದುಡ್ಡು ಮುಟ್ಟಲಿಲ್ಲ. ಮುದುಕಿ ಕೊಟ್ಟ ರೊಟ್ಟಿ ಚಟ್ನಿ ತಗೊಂಡು ಹೋದ.

ಇಲ್ಲಿಯವರೆಗೆ ಹೇಳಿದ್ದು ಹೊರಗೆ ನಿಂತವರ ಪಾಡು. ಹೊರಗಿನವರಿಗೆ ಬಿಸಿಲು, ತಡ, ಒಂದಿಷ್ಟು ಖರ್ಚು. ಒಳಗೆ ಯಾರಾದರೂ ಇದ್ದರೆ ಅದು ಬೇರೆಯದೇ ಮಾತು. ಬ್ಯಾಟರಿ ಸತ್ತರೆ ಕಿಟಕಿಯ ಗಾಜು ಇಳಿಯುವುದಿಲ್ಲ, ಹಾರ್ನ್ ಕೂಗುವುದಿಲ್ಲ. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಂತ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನಿಂದ ಅದು ತೆರೆಯುವುದೂ ಇಲ್ಲ. ಆದರೆ ಹೆಚ್ಚಿನ ಕಾರುಗಳ ಮುಂಬಾಗಿಲು ಒಳಗಿನ ಹಿಡಿಕೆಯನ್ನು ಒಮ್ಮೆ ಅಥವಾ ಎರಡು ಸಲ ಗಟ್ಟಿಯಾಗಿ ಎಳೆದರೆ ತೆರೆಯುತ್ತದೆ, ಬ್ಯಾಟರಿ ಇರಲಿ ಬಿಡಲಿ. ನಿಮ್ಮ ಗಾಡಿಯಲ್ಲಿ ಹೇಗೆಂದು ನೋಡಿಕೊಳ್ಳಿ, ಮನೆಯ ಮಕ್ಕಳಿಗೆ ಇದನ್ನು ಆಟದಂತೆ ಕಲಿಸಿ: ಮುಂದಿನ ಸೀಟಿಗೆ ಹತ್ತು, ಹಿಡಿಕೆ ಎಳೆ, ಹೊರಗೆ ಬಾ. ಗಾಜು ಒಡೆಯಲೇಬೇಕಾಗಿ ಬಂದರೆ ಮುಂದಿನ ದೊಡ್ಡ ಗಾಜಿಗೆ ಹೊಡೆಯಬೇಡಿ. ಅದು ನಡುವೆ ಪದರವಿರುವ ಗಾಜು, ಸೀಳುತ್ತದೆ, ಬೀಳುವುದಿಲ್ಲ. ಪಕ್ಕದ ಗಾಜಿನ ಮೂಲೆಗೆ ಚೂಪಾದ ವಸ್ತುವಿನಿಂದ ಹೊಡೆದರೆ ಇಡೀ ಗಾಜು ಪುಡಿಯಾಗಿ ಉದುರುತ್ತದೆ. ಮಗು ಯಾವ ಕಡೆ ಇದೆಯೋ ಅದರ ಎದುರು ಬದಿಯ ಗಾಜು ಆರಿಸಿಕೊಳ್ಳಿ.

ಬಸ್ಸಿನ ಮಾತು ಬಂದರೆ ನನ್ನ ಎದೆ ಭಾರವಾಗುತ್ತದೆ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಆಗಿನ ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಗೆ ಬಡಿದು ಹೊತ್ತಿಕೊಂಡಿತು. 45 ಜನ ಹೋದರು. 2025ರ ಅಕ್ಟೋಬರ್ 24ರ ಬೆಳಗಿನ ಜಾವ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಹತ್ತಿರ ಒಂದು ಬೈಕನ್ನು ಕೆಳಗೆ ಸಿಕ್ಕಿಸಿಕೊಂಡು ಎಳೆದೊಯ್ದಿತು. ಬೆಂಕಿ ಎದ್ದು 19 ಪ್ರಯಾಣಿಕರು ಸುಟ್ಟುಹೋದರು. ವೈರು ಸುಟ್ಟು ಮುಂದಿನ ಬಾಗಿಲು ತೆರೆಯಲೇ ಇಲ್ಲ ಎಂದು ಅಧಿಕಾರಿಗಳು ಹೇಳಿದರು. ಬದುಕಿದವರಲ್ಲಿ ಹಲವರು ಗಾಜು ಒಡೆದು ಹೊರಗೆ ಹಾರಿದವರು. ಎರಡು ದುರಂತಗಳ ನಡುವೆ 12 ವರ್ಷ. ಅಷ್ಟು ವರ್ಷಗಳಲ್ಲಿ ನಮ್ಮ ಬಸ್ಸುಗಳಿಗೆ ಮೆತ್ತನೆಯ ಹಾಸಿಗೆ, ತಣ್ಣನೆಯ ಗಾಳಿ, ಫೋನಿಗೆ ಚಾರ್ಜರು ಬಂದವು. ನಿದ್ದೆಗಣ್ಣಿನ ಪ್ರಯಾಣಿಕನಿಗೆ ಹೊರಹೋಗುವ ದಾರಿ ತೋರಿಸುವ ಪದ್ಧತಿ ಬರಲಿಲ್ಲ.

ಗಾಳಿಯ ಒತ್ತಡದಿಂದ ನಡೆಯುವ ಬಸ್ಸಿನ ಬಾಗಿಲ ಮೇಲೆ ಅಥವಾ ಪಕ್ಕದಲ್ಲಿ ಒಂದು ತುರ್ತು ಗುಂಡಿ ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣದ್ದು. ಅದನ್ನು ತಿರುವಿದರೆ ಗಾಳಿ ಬಿಟ್ಟುಹೋಗಿ, ಬಾಗಿಲನ್ನು ಕೈಯಿಂದಲೇ ತಳ್ಳಬಹುದು. ದಿನಾ ಅದರ ಕೆಳಗೆ ಹತ್ತಿ ಇಳಿಯುವವರಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದ್ದಾರೆ? ಜಗತ್ತು ಈ ವಿಷಯಕ್ಕೆ ನಿಧಾನವಾಗಿ ಕಣ್ಣು ತೆರೆಯುತ್ತಿದೆ. ಹೊರಗೆ ಕಾಣದಂತೆ ಮೈಯೊಳಗೆ ಅಡಗುವ ಹಿಡಿಕೆಗಳ ಹುಚ್ಚು ಹಬ್ಬಿದ ಚೀನಾದಲ್ಲೇ, 2027ರ ಜನವರಿ 1ರಿಂದ ಹೊಸ ಮಾದರಿಯ ಕಾರುಗಳ ಬಾಗಿಲು ಕರೆಂಟಿಲ್ಲದೆಯೂ ಒಳಗಿನಿಂದ, ಹೊರಗಿನಿಂದ ಕೈಯಲ್ಲಿ ತೆರೆಯುವಂತಿರಬೇಕು ಎಂಬ ನಿಯಮ ಮಾಡಿದ್ದಾರೆ. ಒಳ್ಳೆಯ ನಿಯಮ. ನಮ್ಮಲ್ಲೂ ಬೇಕು, ಗಾಡಿ ಕೊಡುವ ದಿನವೇ ಮನೆಯವರೆಲ್ಲರಿಗೂ ಚಾವಿ ತೆಗೆದು, ಬಾಗಿಲು ತೆರೆದು ತೋರಿಸಬೇಕೆಂಬ ಮಾತೂ ಅದರಲ್ಲಿ ಸೇರಬೇಕು.

ನಿಯಮ ಬರುವವರೆಗೆ ಕಾಯಬೇಡಿ. ಈ ಪುಟ ಮಡಚಿ ಎದ್ದು ಹೋಗಿ ನಿಮ್ಮ ರಿಮೋಟಿನೊಳಗಿನ ಚಾವಿ ಹೊರತೆಗೆಯಿರಿ, ಬಾಗಿಲ ರಂಧ್ರ ಹುಡುಕಿ, ಒಮ್ಮೆ ತಿರುವಿ ನೋಡಿ. ಬಿಗಿಯಾಗಿದ್ದರೆ ಎಣ್ಣೆ ಬಿಡಿ. ಮನೆಯಲ್ಲಿ ಗಾಡಿ ಓಡಿಸುವವರಿಗಷ್ಟೇ ಅಲ್ಲ, ಅದರಲ್ಲಿ ಕೂಡುವ ಎಲ್ಲರಿಗೂ ತೋರಿಸಿ. ಹಿರಿಯರ ಗುಳಿಗೆಯನ್ನು ಗಾಡಿಯಲ್ಲಿ ಬಿಡಬೇಡಿ, ಅವರ ಕೈಚೀಲದಲ್ಲೇ ಇರಲಿ. ಮುಂದಿನ ಸಲ ರಾತ್ರಿ ಬಸ್ಸು ಹತ್ತಿದಾಗ ಮಲಗುವ ಮೊದಲು ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿ ತೂಗುತ್ತಿದೆ ನೋಡಿ. ಆ ಬಾಗಿಲಿಗೆ ಅಡ್ಡವಾಗಿ ಸಾಮಾನು ಒಟ್ಟಿದ್ದರೆ ಗಾಡಿ ಹೊರಡುವ ಮುಂಚೆಯೇ ಡ್ರೈವರನಿಗೆ ಹೇಳಿ ತೆಗೆಸಿ.